ಹಳೇ ಟೇಪ್‌ರೆಕಾರ್ಡರ್ ಬೆನ್ನು ಹತ್ತಿ

ಹೋದ ವರ್ಷ ಆಯುಧಪೂಜೆ ಕಳೆದು ಹದಿನೈದು ದಿನವಾಗಿತ್ತು. ನಮ್ಮೂರು ಮತ್ತೋಡಿನಲ್ಲಿ ಮಗಳು ಸಿಂಚನಾ ಓದುವ ಶಾಲೆಯವರು ಒಂದು ಸಂಜೆ ಪೋಷಕರನ್ನೆಲ್ಲ ಕರೆದು ಅರ್ಧ ಗಂಟೆಯ ಸಿನಿಮಾ ತೋರಿಸಿದರು. ಕೆಟ್ಟ ಫೋನು, ಟಿವಿ, ಬ್ಯಾಟರಿಗಳನ್ನು ತಿಪ್ಪೆಗೆ ಎಸೆದರೆ, ಸುಟ್ಟರೆ ಏನಾಗುತ್ತದೆ ಎಂಬುದೇ ಕಥೆ. ಅದರಲ್ಲಿ ಒಬ್ಬ ಹೆಂಗಸು ತಾಮ್ರಕ್ಕಾಗಿ ತಂತಿ ಸುಡುತ್ತಾಳೆ, ಆ ಹೊಗೆ ಅವಳ ಮಗುವಿನ ತೊಟ್ಟಿಲವರೆಗೂ ಹೋಗುತ್ತದೆ. ಪಕ್ಕದವರು ಸೆರಗಿನಿಂದ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಅಷ್ಟರಲ್ಲಿ ನಮ್ಮ ಅಟ್ಟದ ನೆನಪಾಗಿ ಕಣ್ಣೀರು ತಾನಾಗಿಯೇ ನಿಂತಿತು.

ನಮ್ಮ ಯಜಮಾನರು ಏನನ್ನೂ ಬಿಸಾಡುವವರಲ್ಲ. ಅಟ್ಟದ ಮೇಲೆ ಮೂರು ಮಿಕ್ಸಿ, ಯಾವ ಫೋನಿನದೆಂದು ಯಾರಿಗೂ ಗೊತ್ತಿಲ್ಲದ ಹನ್ನೊಂದು ಚಾರ್ಜರ್, ಟಿವಿ ಹೋದಮೇಲೂ ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಕಾಯುತ್ತಿರುವ ರಿಮೋಟು, ಎಲ್ಲ ಇದ್ದವು. ಶನಿವಾರ ಬೆಳಿಗ್ಗೆ ಇಂಥ ಕೆಟ್ಟ ಸಾಮಾನು ಒಯ್ಯಲು ಗಾಡಿ ಬರುತ್ತದೆ, ಎಲ್ಲರಿಗಿಂತ ಹೆಚ್ಚು ಕೊಟ್ಟ ಮನೆಗೆ ಒಂದು ಮಾವಿನ ಸಸಿ ಎಂದು ಮೇಷ್ಟ್ರು ಹೇಳಿದ್ದೇ ತಡ, ಸಿಂಚನಾ ಸೊಂಟಕ್ಕೆ ದುಪಟ್ಟಾ ಕಟ್ಟಿದಳು.

ಎಲ್ಲ ಸಲೀಸಾಗಿ ಕೆಳಗಿಳಿಯಿತು. ತಕರಾರು ಬಂದದ್ದು ದೇವರ ಮನೆಯ ಗೂಡಿನಲ್ಲಿದ್ದ ಟೇಪ್‌ರೆಕಾರ್ಡರಿಗೆ. ಅದು ಹಾಡು ನಿಲ್ಲಿಸಿ ಹದಿನೆಂಟು ವರ್ಷ. ಆದರೂ ಪ್ರತಿ ಆಯುಧಪೂಜೆಗೆ ಅತ್ತೆಯವರು ಅದಕ್ಕೆ ಮೂರು ಬೆರಳಿನ ವಿಭೂತಿ ಬಳಿದು, ಕುಂಕುಮ ಇಟ್ಟು, ಹೂವೇರಿಸುತ್ತಾರೆ. ವರ್ಷವಿಡೀ ಧೂಳು ಒರೆಸುವ ಕೆಲಸ ನನ್ನದು.

"ಅದ್ನ ಮುಟ್ಟಬ್ಯಾಡ್ರಿ, ನನಗೆ ಬೇಕು," ಎಂದರು ಅತ್ತೆ.

"ಅದು ಹಾಡಲ್ಲ ಅಜ್ಜಿ," ಎಂದಳು ಸಿಂಚನಾ.

"ನಾನೂ ಹಾಡಲ್ಲ. ನನ್ನೂ ಗಾಡಿಗೆ ಹಾಕಿ ಕಳ್ಸು ಮತ್ತೆ."

ಮೂರು ಸಲ ಹೇಳಿದರು. ಮುದುಕರ ಹಟ ಎಂದುಕೊಂಡೆವು.

ಅತ್ತೆಯವರಿಗೆ ಕಿವಿ ಮಂದ. ಎರಡು ವರ್ಷದ ಹಿಂದೆ ಚಿತ್ರದುರ್ಗದ ಒಂದು ಶಿಬಿರದಲ್ಲಿ, ಎರಡು ಸಲ ಹೋಗಿ ಸಾಲಿನಲ್ಲಿ ನಿಂತಮೇಲೆ, ಕಿವಿಗೆ ಹಾಕುವ ಮಿಷನ್ ಸಿಕ್ಕಿತ್ತು. ಮನೆಗೆ ಬಂದವರೇ ಪೂಜೆಯ ಗಂಟೆ ಬಾರಿಸಿ, "ಈಟು ಜೋರಾಗಿ ಕೇಳ್ತಿತ್ತೇನೇ ಇದು?" ಎಂದು ಅತ್ತುಬಿಟ್ಟಿದ್ದರು. ಅಂದಿನಿಂದ ಅದು ಅವರ ಪ್ರಾಣ. ಒಂದೇ ದೂರು: ಬಿಚ್ಚಿಟ್ಟಾಗ ಆಫ್ ಮಾಡುವುದಿಲ್ಲ. "ಅವ್ವಾ, ಸೆಲ್ಲು ಸುಮ್ನೆ ಹಾಳಾಗ್ತಾವೆ," ಎಂದು ಯಜಮಾನರು ದಿನಾ ಬೈಯುತ್ತಿದ್ದರು. ಅತ್ತೆ ದಿನಾ ಕೇಳಿಸದವರಂತೆ ಇರುತ್ತಿದ್ದರು.

ಶನಿವಾರ ಅತ್ತೆ ಸ್ನಾನಕ್ಕೆ ಹೋದರು. ಬೀದಿಯಲ್ಲಿ ಗಾಡಿ ಹಾರ್ನ್ ಹಾಕಿತು. ಸುಳ್ಳೇಕೆ ಹೇಳಲಿ, ಆ ಕೆಲಸ ಮಾಡಿದ್ದು ನಾನೇ. ದೇವರಿಗೆ ಕೈಮುಗಿದು, ಟೇಪ್‌ರೆಕಾರ್ಡರನ್ನು ಹಳೇ ಸೀರೆಯಲ್ಲಿ ಸುತ್ತಿ ಸಿಂಚನಾ ಕೈಗೆ ಕೊಟ್ಟೆ. ಸುತ್ತುವಾಗ ಎಲ್ಲೋ 'ಕುಂಯ್' ಎಂದ ಹಾಗಾಯಿತು. ಒಲೆಯ ಮೇಲಿನ ಕುಕ್ಕರ್ ಇರಬೇಕು ಎಂದುಕೊಂಡೆ.

ಅತ್ತೆ ಮಡಿಯುಟ್ಟು ಬಂದು ಗೂಡು ನೋಡಿದರು.

"ಟೇಪು ಎಲ್ಲೇ?"

ಸಿನಿಮಾ, ಹೊಗೆ, ತೊಟ್ಟಿಲು ಎಲ್ಲವನ್ನೂ ನಾನು ಕೈಸನ್ನೆ ಸಮೇತ ಕೂಗಿ ಕೂಗಿ ಹೇಳಿದೆ. ಅವರು ಬರಿಗಿವಿ ಮುಟ್ಟಿಕೊಂಡು ನಿಂತಿದ್ದರು.

"ಲೇ ಶಾಂತಾ, ಕ್ಯಾಸೆಟ್ ಹಾಕೋ ಬಾಗ್ಲೊಳಗೆ ನನ್ನ ಕಿವಿ ಮಿಷನ್ ಐತೆ. ದಿನಾ ಸ್ನಾನಕ್ಕೋಗೋವಾಗ ಅಲ್ಲೇ ಇಡಾದು. ಇಲಿ ಬರಲ್ಲ, ಇರುವೆ ಬರಲ್ಲ."

ನಾನು ಬೀದಿಗೆ ಓಡಿದೆ.

ಗಾಡಿ ಆಗಲೇ ಪಕ್ಕದ ಬಾಗೂರಿಗೆ ಹೋಗಿತ್ತು. ಯಜಮಾನರು ಪಕ್ಕದ ಮನೆಯವರ ಆಟೋ ತಂದರು. ಅತ್ತೆಯನ್ನು ಬಿಟ್ಟುಹೋಗೋಣ ಎಂದರೆ ಅವರೇ ಮೊದಲು ಹತ್ತಿ ಕುಳಿತಿದ್ದರು. "ಆ ಬಾಗ್ಲು ತೆಗಿಯಾದು ನಿಮಗ್ಯಾರಿಗೂ ಬರಲ್ಲ. ಬೆನ್ನಿಗೆ ಒಂದು ಗುದ್ದಬೇಕು." ದಾರಿಯುದ್ದಕ್ಕೂ ನನ್ನನ್ನು ಬೈದರು. ಕಿವಿ ಕೇಳದವರು ಬೈಯುವುದು ಬಲು ಜೋರು, ಎದುರಿಗೆ ಬಂದ ಕುರಿಮಂದೆಯವರೂ ನಿಂತು ಕೇಳಿಸಿಕೊಂಡರು.

ಬಾಗೂರಿನ ಶಾಲೆಯಲ್ಲಿ ಅದೇ ಸಿನಿಮಾ ತೋರಿಸುವ ತಯಾರಿ ನಡೆದಿತ್ತು. ಗಾಡಿಯಾತನಿಗೆ ವಿಷಯ ಹೇಳಿ, ಗುರುತು ಏನೆಂದರೆ ಮೈಮೇಲೆ ವಿಭೂತಿ ಕುಂಕುಮ ಇದೆ ಎಂದೆ. ಆತ ಚೀಲದ ಹೊರಗಿದ್ದ ಐದು ಟೇಪ್‌ರೆಕಾರ್ಡರ್ ಸಾಲಾಗಿ ಇಟ್ಟ. ಐದಕ್ಕೂ ವಿಭೂತಿ, ಐದಕ್ಕೂ ಕುಂಕುಮ.

"ಈ ಕಡೆ ಊರುಗಳಾಗೆ ಓಡೋ ಸಾಮಾನಿಗಿಂತ ಕೆಟ್ಟಿರೋದಕ್ಕೇ ಪೂಜೆ ಜಾಸ್ತಿ ಕಣ್ರಮ್ಮ," ಎಂದ.

ಅತ್ತೆ ಒಂದೊಂದರ ಬೆನ್ನಿಗೂ ಗುದ್ದಿ ನೋಡಿದರು. ಯಾವುದೂ ನಮ್ಮದಲ್ಲ. ಉಳಿದದ್ದು ಬಾಯಿ ಹೊಲಿದ ಇಪ್ಪತ್ತು ಗೋಣಿಚೀಲ. "ಎಲ್ಲಾ ಬಿಚ್ಚಾಕೆ ಆಗಲ್ಲಮ್ಮ, ಹೊಸದುರ್ಗಕ್ಕೆ ಹೊತ್ತಾಯ್ತು," ಎಂದು ಆತ ಎಂಜಿನ್ ಶುರು ಮಾಡಲು ಹೋದ. ನಾನು ಮನಸ್ಸಿನಲ್ಲೇ ದೇವರಿಗೆ ತಪ್ಪುಕಾಣಿಕೆ ಹೇಳಿಕೊಂಡೆ. ಅತ್ತೆ ಶಾಲೆಯ ಮೆಟ್ಟಿಲ ಮೇಲೆ ಕುಸಿದು ಕುಳಿತು, "ಇನ್ನು ಗಂಟೆ ಸದ್ದು ಕೇಳಾದಿಲ್ಲ ಬಿಡು," ಎಂದು ಸುಮ್ಮನಾದರು. ಬೈಗುಳ ನಿಂತದ್ದೇ ತಡ, ಊರೇ ಮೌನವಾದಂತಾಯಿತು.

ಆಗ ಕೇಳಿತು. "ಕುಂಯ್ಯ್..."

ಒಂದು ಚೀಲದೊಳಗಿಂದ. ಎಲ್ಲರೂ ಗೋಣಿಗೆ ಕಿವಿಯಿಟ್ಟೆವು. ಮಿಷನ್ ಆಫ್ ಮಾಡದೆ ಮುಚ್ಚಿಟ್ಟರೆ ಹೀಗೆ ಸಿಳ್ಳೆ ಹಾಕುತ್ತದಂತೆ. ಅದನ್ನು ಕೇಳದೆ ಇದ್ದವರು ಅಲ್ಲಿ ಅತ್ತೆ ಒಬ್ಬರೇ. "ಚೀಲಕ್ಯಾಕೆ ಮುತ್ತು ಕೊಡ್ತಿದೀರಿ, ಬುದ್ಧಿ ಐತಾ?" ಎಂದು ಮತ್ತೆ ಬೈಗುಳ ಶುರು ಮಾಡಿದರು.

ಗೋಣಿ ಬಿಚ್ಚಿದರೆ ಹಳೇ ಸೀರೆ, ಅದರೊಳಗೆ ನಮ್ಮ ಟೇಪ್‌ರೆಕಾರ್ಡರ್. "ಇದಕ್ಕಿನ್ನೂ ಜೀವ ಐತಲ್ಲಮ್ಮ," ಎಂದು ಗಾಡಿಯಾತ ಎರಡು ಹೆಜ್ಜೆ ಹಿಂದೆ ಸರಿದ. ಅತ್ತೆ ಗುದ್ದಿದರು, ಬಾಗಿಲು ತೆರೆಯಿತು. ಮಿಷನ್ ಕಿವಿಗೆ ಹಾಕಿಕೊಂಡು ಮಗನ ಕಡೆ ತಿರುಗಿದರು. "ಆಫ್ ಮಾಡಿದ್ರೆ ಸಿಗ್ತಿತ್ತಾ ಈಗ? ದಿನಾ ಬೈತಿದ್ಯಲ್ಲ, ಎಲ್ಲಾ ಕೇಳ್ತಿತ್ತು ನನಗೆ." ಯಜಮಾನರು ಶಾಲೆಯ ಗಡಿಯಾರ ನೋಡತೊಡಗಿದರು.

ಬಂದದ್ದಂತೂ ಬಂದೆವೆಂದು ಅತ್ತೆ ಸಿನಿಮಾ ಪೂರ್ತಿ ನೋಡಿದರು. ಹೊತ್ತಾದರೂ ಗಾಡಿಯಾತ ಬಿಚ್ಚಿದ ಚೀಲವನ್ನು ಮತ್ತೆ ಹೊಲಿಯುತ್ತ ಅಲ್ಲೇ ಉಳಿದ. ತೊಟ್ಟಿಲ ಮಗು ಕೆಮ್ಮಿದಾಗ ನನ್ನ ಕೈ ಹಿಡಿದುಕೊಂಡರು. ಮುಗಿದಮೇಲೆ ತಾವೇ ಎದ್ದುಹೋಗಿ, ಟೇಪ್‌ರೆಕಾರ್ಡರಿನ ವಿಭೂತಿಯನ್ನು ಸೆರಗಿನಿಂದ ಒರೆಸಿ, ಗಾಡಿಯಾತನ ಕೈಗೆ ಕೊಟ್ಟರು. "ಇದನ್ನ ಸುಡಬ್ಯಾಡ್ರಪ್ಪ," ಎಂದರು. "ಇಲ್ಲ ಅಜ್ಜಿ, ಬಿಚ್ಚಿ ಬೇರೆ ಮಾಡ್ತಾರೆ," ಎಂದು ಆತ ಅದನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡ.

ಮಾವಿನ ಸಸಿ ನಮಗಿಂತ ಹೆಚ್ಚು ಕೊಟ್ಟ ಬೇರೆ ಮನೆಯವರ ಪಾಲಾಯಿತು. ಸಿಂಚನಾ ಎರಡು ದಿನ ಮಾತಾಡಲಿಲ್ಲ. ನನಗೆ ಮಾತ್ರ ಆ ಶನಿವಾರ ದೇವರು ಕೊಟ್ಟಿದ್ದು ಸಾಕು. ಮೂರು ಸಲ "ನನಗೆ ಬೇಕು" ಎಂದವರನ್ನು ಯಾಕೆ ಎಂದು ಒಂದು ಸಲವೂ ಕೇಳಲಿಲ್ಲವಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ಈಗ ಕಿವಿ ಮಿಷನ್‌ಗೆ ದೇವರ ಮನೆಯಲ್ಲಿ ಮುಚ್ಚಳವಿರುವ ಸ್ಟೀಲ್ ಡಬ್ಬಿ ಇದೆ, ಮುಗಿದ ಸೆಲ್ಲುಗಳಿಗೆ ಪಕ್ಕದಲ್ಲೇ ಒಂದು ಗಾಜಿನ ಬಾಟಲಿ. ಗಾಡಿ ಬಂದಾಗ ಏನೇ ಕೊಡುವುದಿದ್ದರೂ ಮೊದಲು ಅತ್ತೆಯನ್ನು ಕೇಳುತ್ತೇನೆ. ಆಮೇಲೆ ಆ ಸಾಮಾನನ್ನು ಒಂದು ಸಲ ಕಿವಿಯ ಹತ್ತಿರ ಹಿಡಿದು ನೋಡುತ್ತೇನೆ. ಬೀದಿಯವರು ನಗುತ್ತಾರೆ, ನಗಲಿ.