ಬ್ರೇಕ್ ದೀಪ ಕುಡಿದ ನಿಂಬೆಹಣ್ಣು

ನನಗೆ ‘ನಿಲ್ಲು’ ಎಂದವರ ಸಾಲಿನಲ್ಲಿ ಕೊನೆಗೆ ಬಂದು ನಿಂತದ್ದು ನನ್ನದೇ ಮೋಟರ್ ಸೈಕಲ್ಲು. ಹೆಂಗಸು ಅಂಥ ಗಾಡಿ ಹೊಡೆಯುವುದೇ ಎಂದು ಹಾವೇರಿಯ ನಮ್ಮ ಓಣಿ ಮೊದಲೇ ಕೇಳಿಯಾಗಿತ್ತು. ನಾನು ಕಿವಿಗೆ ಹಾಕಿಕೊಳ್ಳದೆ, ಅಪ್ಪ ಕೊಟ್ಟ ಆ ಹಳೆಯ ಗಾಡಿಯ ಮೇಲೆ ದಿನಾ ಬ್ಯಾಡಗಿಯ ಶಾಲೆಗೆ ಪಾಠ ಹೇಳಲು ಹೋಗಿಬರುತ್ತಿದ್ದೆ. ಊರಲ್ಲಿ ಮೊಬೈಲು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ಒಂದು ಬೆಳಿಗ್ಗೆ ಮೀಟರಿನ ಪಕ್ಕದ, ಬ್ರೇಕ್ ಎಂದು ಬರೆದಿದ್ದ ಕೆಂಪು ದೀಪ ಹತ್ತಿಕೊಂಡಿತು. ವಾರದ ಮೇಲೆ ತಾನೇ ಆರಿತು. ಮುಂದಿನ ತಿಂಗಳು ಮತ್ತೆ ಹತ್ತಿತು.

ಕೆಂಪು ಕಂಡರೆ ಹೆದರಬೇಕೆನ್ನುವುದು ಬೇರೆ ಊರಿನ ಮಾತು. ಮಾರುಕಟ್ಟೆಯ ಅಂಗಳವೇ ಕೆಂಪಾಗಿರುವ ಬ್ಯಾಡಗಿಯಲ್ಲಿ ಹಾಗೆ ಹೆದರಿದರೆ ಬಾಳುವೆ ಮಾಡುವುದು ಹೇಗೆ, ನೀವೇ ಹೇಳಿ. ಅಲ್ಲಿಯ ಮೆಣಸಿನಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ಈ ದೀಪವೂ ಅದೇ ಜಾತಿಯದೆಂದು ನನಗೆ ಗುಮಾನಿ. ಆದರೂ ಬ್ರೇಕಿನ ವಿಷಯದಲ್ಲಿ ಜಂಬ ಬೇಡವೆಂದು ಹಾವೇರಿಯಲ್ಲಿ ಹೊಸ ಬ್ರೇಕ್ ಶೂ ಹಾಕಿಸಿದೆ. ಗಾಡಿ ಹಿಡಿದಲ್ಲಿ ನಿಂತಿತು, ದೀಪ ಮಾತ್ರ ಆರಲಿಲ್ಲ. ರಾಣೆಬೆನ್ನೂರಿನ ಮೆಕ್ಯಾನಿಕ್, “ಬಲ್ಬ್ ಕಿತ್ತ ಒಗೀರಿ ಅಕ್ಕಾರ. ದೀಪಾನೂ ಇರಂಗಿಲ್ಲ, ಚಿಂತೀನೂ ಇರಂಗಿಲ್ಲ” ಎಂದ. ನನಗೆ ಮೈಯೆಲ್ಲ ಉರಿಯಿತು. ತಕರಾರು ಮಾಡಿದವರ ಬಾಯಿ ಮುಚ್ಚಿಸುವುದೇ ರಿಪೇರಿ ಎನ್ನುವುದಾದರೆ, ಮೊದಲು ಮುಚ್ಚಬೇಕಾದ ಬಾಯಿ ನನ್ನದು.

ಅತ್ತೆಯವರು ಕಂಡುಕೊಂಡ ಕಾರಣ ಬೇರೆ: ದೃಷ್ಟಿ. ನಾನೊಮ್ಮೆ ಕೆಸರಿನಲ್ಲಿ ಜಾರಿ ಬಿದ್ದಾಗಿನಿಂದ ಅವರು ಅಮಾವಾಸ್ಯೆಗೊಮ್ಮೆ ಗಾಡಿಗೆ ಪೂಜೆ ಮಾಡಿ, ಹೆಡ್‌ಲೈಟಿನ ಹತ್ತಿರ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಕಟ್ಟುತ್ತಿದ್ದರು. “ಅಮಾಸಿ ಮರುದಿನಾನ ದೀಪ ಹತ್ತತೈತಿ ನೋಡು. ದೃಷ್ಟಿ ಜೋರ ಐತಿ” ಎಂದು ಮುಂದಿನ ಸಲ ಎರಡು ಹಣ್ಣು ಕಟ್ಟಿದರು. ದೀಪ ಇನ್ನೂ ನಾಲ್ಕು ದಿನ ಹೆಚ್ಚಿಗೆ ಉರಿಯಿತು.

ಆಗ ನಮ್ಮ ಮನೆಯವರು ತೀರ್ಪು ಕೊಟ್ಟರು: “ಬರೋ ಅಮಾಸಿಗೂ ಹತ್ತಿದ್ರ ಈ ಗಾಡಿ ಕೊಟ್ಟು ನಿನಗೊಂದು ಹಗೂರ ಸ್ಕೂಟರ್ ತರೂಣು.” ಅಪ್ಪ ನನ್ನನ್ನು ಮುಂದೆ ಕೂರಿಸಿ, ತಾವು ಹಿಂದೆ ಕುಳಿತು ಕಲಿಸಿದ ಗಾಡಿ ಅದು. ಕೊಡುವುದಿಲ್ಲ ಎಂದೆ. ದನಿ ಏರಿತ್ತು, ಇಳಿಸಲಿಲ್ಲ.

ಅದೇ ಸಿಟ್ಟಿನಲ್ಲಿ ಮರುದಿನ ತಾಮ್ರದ ತಂಬಿಗೆ ತಿಕ್ಕುತ್ತಿದ್ದೆ. ಯಾರೋ ಅದರಲ್ಲಿ ಮಜ್ಜಿಗೆ ಬಿಟ್ಟು ತಳಕ್ಕೆ ಹಸಿರು ಕಿಲುಬು ಹಿಡಿದಿತ್ತು. ಹುಳಿಗೂ ತಾಮ್ರಕ್ಕೂ ಆಗಿಬರುವುದಿಲ್ಲ ಎನ್ನುವುದು ಗೊತ್ತಿಲ್ಲದ ಅಡುಗೆಮನೆ ಉಂಟೇ? ಥಟ್ಟನೆ ಹೊಳೆದು ಗಾಡಿಯ ಹತ್ತಿರ ಓಡಿದೆ. ನಿಂಬೆಹಣ್ಣಿನ ನೇರ ಕೆಳಗೇ ದೀಪದ ವೈರುಗಳು ಕೂಡುವ ಜಾಗ. ಸೂಜಿ ಚುಚ್ಚಿದ ಹಣ್ಣಿನ ರಸ ಅಲ್ಲಿಗೇ ಸೋರಿ ಹಸಿರು ಕಿಲುಬು ಕಟ್ಟಿತ್ತು. ಹಸಿಯಿರುವ ತನಕ ಕರೆಂಟು ಅಡ್ಡದಾರಿ ಹಿಡಿದು ದೀಪ ಹತ್ತುತ್ತಿತ್ತು, ಒಣಗಿದರೆ ಆರುತ್ತಿತ್ತು. ಕೆರೆದು ಒರೆಸಿ, ಯಾರಿಗೂ ಹೇಳದೆ ಒಳಗೆ ಬಂದೆ.

ಅಮಾವಾಸ್ಯೆಯ ದಿನ, ಅತ್ತೆಯವರು ಗಾಡಿಗೆಂದು ತೆಗೆದಿಟ್ಟಿದ್ದ ಮೂರೂ ಹಣ್ಣು ಹಿಂಡಿ ಶರಬತ್ತು ಮಾಡಿ ತಾಯಿ ಮಗ ಇಬ್ಬರಿಗೂ ಕೊಟ್ಟೆ. ಚಪ್ಪರಿಸಿ ಕುಡಿದ ಮೇಲೆ ಅತ್ತೆ ನಿಂಬೆಹಣ್ಣು ಹುಡುಕತೊಡಗಿದರು. ವಿಷಯ ತಿಳಿದದ್ದೇ ನನ್ನೊಡನೆ ಮಾತು ಬಿಟ್ಟರು. ಮರುದಿನ ದೀಪ ಹತ್ತಲಿಲ್ಲ. ಅದರ ಮರುದಿನವೂ ಇಲ್ಲ. ಅತ್ತೆಯವರು ತಾವೇ ಹೊರಗೆ ಬಂದು ಕೀಲಿ ತಿರುಗಿಸಿ ನೋಡಿದರು.

“ಹಂಗಾರ ದೃಷ್ಟಿ ಎಲ್ಲಿ ಹೋತು?”

“ನೀವ ಕುಡದೀರಲ್ಲರೀ ಅತ್ತಿ.”

ಬರುತ್ತಿದ್ದ ನಗೆಯನ್ನು ಅವರು ಸೆರಗಿನಲ್ಲಿ ಒತ್ತಿ ಹಿಡಿದರು. ಆಮೇಲೆ ಸೀರೆಯ ನೆರಿಗೆ ಎತ್ತಿ ಹಿಂದಿನ ಸೀಟು ಹತ್ತಿ ಕುಳಿತರು.

“ಕುಡದೇನಂದ ಮ್ಯಾಲೆ ಇನ್ನ ನನಗ ಯಾರ ದೃಷ್ಟೀನೂ ತಾಕಂಗಿಲ್ಲ. ಓಣಿ ನಡುವಿಂದನ ಹೊಡಿ. ಎಲ್ಲಾರೂ ನೋಡ್ಲಿ.”