ಮೊಲಕ್ಕೆ ಹಚ್ಚಿದ ಗಂಧಕದ ಎಣ್ಣೆ

ನಾನು ಚಿಕ್ಕವಳಿದ್ದಾಗ ಕಜ್ಜಿ ಆಗದ ಮಕ್ಕಳೇ ಇರಲಿಲ್ಲ. ಬಂಟ್ವಾಳ ಪೇಟೆಯ ನಮ್ಮ ಶಾಲೆಯಲ್ಲಿ ಬೆರಳ ಸಂದು ಕೆರೆದುಕೊಳ್ಳುತ್ತಲೇ ಎಲ್ಲರೂ ಮಗ್ಗಿ ಒಪ್ಪಿಸುತ್ತಿದ್ದೆವು. ಮದ್ದು ಎಲ್ಲ ಮನೆಗಳಲ್ಲೂ ಒಂದೇ: ತೆಂಗಿನೆಣ್ಣೆಯಲ್ಲಿ ಅರೆದ ಗಂಧಕ. ಅದನ್ನು ಮೈತುಂಬ ಬಳಿದು ಬಿಸಿಲಿಗೆ ಕೂರಿಸಿದರೆ ನಾಯಿಯೂ ಹತ್ತಿರ ಸುಳಿಯುತ್ತಿರಲಿಲ್ಲ. ಈಗ ಆ ವಾಸನೆ ಎಲ್ಲಿಯೂ ಸಿಗುವುದಿಲ್ಲ. ಸಿಕ್ಕಿದರೆ ಒಮ್ಮೆ ಮೂಸಬೇಕೆಂದು ನನಗೆ ಆಸೆ. ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ.

ಒಂದು ವರ್ಷ ಮೂಡುಬಿದಿರೆಯ ಮಾವ, ಅಂದರೆ ಅಮ್ಮನ ತಮ್ಮ, ಬುಟ್ಟಿಯಲ್ಲಿ ಒಂದು ಬಿಳಿ ಮೊಲ ತಂದುಕೊಟ್ಟರು. ಅವರ ಮನೆಯಲ್ಲಿ ಮೊಲಗಳ ಹಿಂಡೇ ಇತ್ತು. ಇದು ಗಂಡು, ಒಂದೇ ಇದ್ದರೆ ತೊಂದರೆ ಇಲ್ಲ ಎಂದು ಅವರು ಬಹಳ ತಿಳಿದವರ ಹಾಗೆ ಹೇಳಿದ್ದರು. ಹಿಂದಿನ ಜಗಲಿಯಲ್ಲಿ ಚಹಾದ ಖಾಲಿ ಪೆಟ್ಟಿಗೆಯೊಂದರಲ್ಲಿ ಬೈಹುಲ್ಲು ಹಾಸಿ ಅದಕ್ಕೆ ಮನೆ ಮಾಡಿದೆ. ಶಾಲೆಯಿಂದ ಬಂದವಳು ಪುಸ್ತಕ ಬಿಸಾಡಿ ಮೊದಲು ಅಲ್ಲಿಗೇ ಓಡುತ್ತಿದ್ದೆ. ಅಷ್ಟು ಪ್ರೀತಿ ನನಗೆ ಮನೆಯಲ್ಲಿ ಯಾರ ಮೇಲೂ ಇರಲಿಲ್ಲ.

ಕೆಲವು ವಾರ ಚೆನ್ನಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಅದರ ಎದೆಯ ಮೇಲೆ ಅಂಗೈಯಗಲ ಕೂದಲಿಲ್ಲ, ಕೆಂಪು ಚರ್ಮ ಕಾಣುತ್ತಿತ್ತು. ಪೆಟ್ಟಿಗೆಯ ತುಂಬ ಬಿಳಿ ಕೂದಲು. ಅಜ್ಜಿ, ಅಪ್ಪನ ತಾಯಿ, ಇದು ಕಜ್ಜಿಯೇ ಎಂದು ತೀರ್ಮಾನಿಸಿಬಿಟ್ಟರು. ಅಕ್ಕ ಚೊಚ್ಚಲ ಹೆರಿಗೆಗೆ ಬಂದು ಒಳಕೋಣೆಯಲ್ಲಿದ್ದಳು. ಹುಟ್ಟುವ ಮಗುವಿಗೆ ಮೊಲದ ಕಜ್ಜಿ ಹತ್ತಿದರೆ ಏನು ಗತಿ ಎಂಬುದು ಅಜ್ಜಿಯ ಚಿಂತೆ. ಭಾನುವಾರ ಮಾವ ಬರುತ್ತಾರೆ, ಅಷ್ಟರೊಳಗೆ ವಾಸಿಯಾಗದಿದ್ದರೆ ಅವರೊಟ್ಟಿಗೆ ಬಸ್ಸಿನಲ್ಲಿ ವಾಪಸು ಎಂದು ಹೇಳಿಯೂಬಿಟ್ಟರು. ಅಜ್ಜಿಯ ಮಾತಿಗೆ ಅಪ್ಪನೂ ಎದುರಾಡುತ್ತಿರಲಿಲ್ಲ.

ನಾನು ಅತ್ತೆ, ಊಟ ಬಿಟ್ಟೆ, ಆಗಲಿಲ್ಲ. ಕೊನೆಗೆ ನನ್ನದೇ ಗಂಧಕದ ಎಣ್ಣೆ ತಂದು ಮೊಲದ ಎದೆಗೆ, ಹೊಟ್ಟೆಗೆ ಹಚ್ಚಿದೆ. ಅದು ಕಾಲು ಬಡಿದು ಒದ್ದಾಡಿತು. ಕೂದಲು ಹೋಗುವುದು ಮಾತ್ರ ನಿಲ್ಲಲಿಲ್ಲ. ಅಜ್ಜಿ ದಿನಾ ಪೆಟ್ಟಿಗೆ ಗುಡಿಸಿ, ಉದುರಿದ ಕೂದಲು ಮನೆಯಲ್ಲಿ ಇರಬಾರದೆಂದು ಬಚ್ಚಲೊಲೆಗೆ ಹಾಕುತ್ತಿದ್ದರು. ಮೊಲವೋ, ಬಾಯಿತುಂಬ ಹುಲ್ಲು ಕಚ್ಚಿಕೊಂಡು ಮೂಲೆಯಿಂದ ಮೂಲೆಗೆ ಓಡುತ್ತಿತ್ತು. ಅದಕ್ಕೆ ಮರುಳು ಹಿಡಿದಿದೆ ಎಂದು ನಾವೆಲ್ಲ ನಕ್ಕೆವು.

ಭಾನುವಾರ ಬೆಳಿಗ್ಗೆ ಅಕ್ಕ ಸೊಂಟಕ್ಕೆ ಕೈ ಕೊಟ್ಟು ಮೆಲ್ಲ ಜಗಲಿಗೆ ಬಂದಳು. ಪೆಟ್ಟಿಗೆಯೊಳಗೆ ಇಣುಕಿದವಳು ಅಜ್ಜಿಯನ್ನು ಕರೆದಳು. ಒಂದಿಷ್ಟು ಕೂದಲಿನ ನಡುವೆ ಹೆಬ್ಬೆರಳ ಗಾತ್ರದ ಕೆಂಪು ಮರಿಗಳು ನಡುಗುತ್ತಿದ್ದವು. ಮೊಲ ತನ್ನ ಬೋಳು ಎದೆಗೆ ಬಾಯಿ ಹಾಕಿ ಇನ್ನೂ ಕೀಳುತ್ತಿತ್ತು. ಕೀಳಲು ಅಲ್ಲಿ ಏನೂ ಉಳಿದಿರಲಿಲ್ಲ.

ಅಜ್ಜಿ ಬಚ್ಚಲಿಗೆ ಹೋಗಿ ಬಿಸಿನೀರಲ್ಲಿ ಬಟ್ಟೆ ಅದ್ದಿ ತಂದು, ಮರಿಗಳ ಬಾಯಿಗೆ ಹೋಗದ ಹಾಗೆ, ಮೊಲದ ಹೊಟ್ಟೆಯ ಎಣ್ಣೆಯನ್ನೆಲ್ಲ ಒರೆಸಿ ತೆಗೆದರು. ಆಮೇಲೆ ತಮ್ಮ ತಲೆದಿಂಬು ತಂದು ಹೊಲಿಗೆ ಬಿಚ್ಚಿ, ಬೂರುಗದ ಹತ್ತಿಯನ್ನು ಹಿಡಿಹಿಡಿಯಾಗಿ ಮರಿಗಳ ಸುತ್ತ ತುಂಬತೊಡಗಿದರು.

"ಸಾಕು ಮಗಾ, ಇನ್ನು ಕೀಳಬೇಡ," ಎಂದರು ಮೊಲಕ್ಕೆ. "ನೀನು ಮರಿಗಳಿಗೆಂದು ಕಿತ್ತಿಟ್ಟದ್ದನ್ನೆಲ್ಲ ನಾನು ಒಲೆಗೆ ಹಾಕಿದೆ."

ಅಕ್ಕ ಬಾಗಿಲಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ನನಗೂ ಅಳು ಬಂತು.

ಮಧ್ಯಾಹ್ನ ಖಾಲಿ ಬುಟ್ಟಿ ಹಿಡಿದು ಮಾವ ಬಂದರು. ಮೂರು ಗಂಟೆಯ ಬಸ್ಸು ಉಂಟು, ಮೊಲ ಎಲ್ಲಿ ಎಂದು ಕೇಳಿದರು. ಅಜ್ಜಿ ಪೆಟ್ಟಿಗೆಯ ಬಳಿಯಿಂದ ಏಳಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಹಸಿ ಬಾಣಂತಿಯನ್ನು ಯಾರಾದರೂ ಬಸ್ಸಿಗೆ ಹತ್ತಿಸ್ತಾರಾ?"