ಸೂತಕವಿಲ್ಲದವಳು

ನಾನು ಅಮ್ಮನನ್ನು ನೋಡಲು ಹೋಗುತ್ತಿದ್ದದ್ದು ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ. ರೇಷ್ಮೆಹುಳು ಪೊರೆ ಬಿಡುವ ಮುನ್ನ ತಿನ್ನುವುದನ್ನು ನಿಲ್ಲಿಸಿ ಮಲಗುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಳೆದರೆ ಮತ್ತೆ ಹಗಲೂ ರಾತ್ರಿ ತಿನ್ನುವುದೇ ಕೆಲಸ. ಆ ದಿನಗಳಲ್ಲಿ ಹುಳುಮನೆಗೆ ನೆಂಟರೂ ಬರುವಂತಿಲ್ಲ. ನನ್ನನ್ನು ಕರೆಸಿಕೊಳ್ಳಲು ಅಮ್ಮನಿಗೆ ಅದೇ ಸರಿಯಾದ ಕಾಲ. ಜಂಗಮಕೋಟೆಯಲ್ಲಿ ಬಸ್ಸಿಳಿದು, ತೋಟದ ಬದುವಿನ ಮೇಲೆ ನಡೆದು, ಹಿಂದಿನಿಂದ ಮನೆ ಸೇರುತ್ತಿದ್ದೆ.

ಮನೆ ಬಿಟ್ಟಾಗ ನಾನು ಅವಳ ಕಿರಿಮಗ. ಸೀರೆಯುಟ್ಟು ಮರಳಿದಾಗ ನಲವತ್ತು ದಾಟಿತ್ತು, ಎರಡು ಪುಸ್ತಕ ಬಂದಿದ್ದವು. ಬಾಗಿಲಲ್ಲಿ ಅವಳು ಮೊದಲು ಆಡಿದ ಮಾತು ಯಾವುದು? ‘ಬಾಮ್ಮ’ ಅಂದಳು ಎಂದು ಭಾಷಣಗಳಲ್ಲಿ ಹೇಳುತ್ತಾ ಬಂದಿದ್ದೇನೆ. ಅಂದಿರಬಹುದು. ‘ಕಾಲು ತೊಳ್ಕೊ, ಹುಳ ಐತೆ’ ಅಂದಿರುವ ಸಾಧ್ಯತೆಯೇ ಹೆಚ್ಚು.

ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆ ಕುಡುಗೋಲು ಕೇಳಲು ಬಂದವಳು ನನ್ನನ್ನು ನೋಡಿಬಿಟ್ಟಳು.

“ಯಾರಕ್ಕ ಇವ್ರು?”

“ರೇಷ್ಮೆ ಇಲಾಖೆ ಮೇಡಂ ಕಣೇ. ಹುಳ ನೋಡಕ್ಕೆ ಬಂದವ್ರೆ,” ಅಮ್ಮ ಸೊಪ್ಪಿನಿಂದ ತಲೆಯೆತ್ತದೆ ಹೇಳಿದಳು.

“ಅಯ್ಯೋ, ಹಂಗಾದ್ರೆ ನಮ್ಮನೇಗೂ ಬನ್ನಿ ಮೇಡಂ. ಹುಳ ಎಲ್ಲಾ ಊದ್ಕೊಂಡು ಹಳದಿ ತಿರುಗ್ತಾವೆ.”

“ಒಂದು ಹುಳುಮನೆಯಿಂದ ಇನ್ನೊಂದಕ್ಕೆ ಹೋಗಬಾರದಮ್ಮ, ರೋಗ ಅಂಟುತ್ತೆ. ಅಂಥವನ್ನ ಆರಿಸಿ ತೆಗೀರಿ, ಸುಣ್ಣ ಚೆಲ್ಲಿ,” ಅಂದೆ. ಅವಳು ಕೈಮುಗಿದು ಹೋದಳು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. “ಎಷ್ಟು ಜೋರಾಗಿ ಹೇಳ್ದೆ! ನಂಗೇ ನಂಬಿಕೆ ಬಂದ್ಬಿಡ್ತು.”

ನಾನೂ ನಕ್ಕೆ. ಅಂದಿನಿಂದ ಆ ಊರಿಗೆ ನಾನು ಮೇಡಂ.

ನನಗೆ ಬೇಕಾಗಿದ್ದದ್ದು ಒಂದೇ. ಯಾರಾದರೂ ಒಬ್ಬರ ಮುಂದೆ, ಆ ಪಕ್ಕದ ಮನೆಯಾಕೆಯ ಮುಂದಾದರೂ ಸರಿ, ಇವಳು ನನ್ನ ಮಗಳು ಎಂದು ಅಮ್ಮ ಹೇಳಬೇಕು. ಕೇಳಿದೆ ಕೂಡ.

“ಹೇಳ್ತೀನಿ ಕಣಮ್ಮ. ನಿಮ್ಮಣ್ಣನ ಮಗಳಿಗೆ ಗಂಡು ನೋಡ್ತಾವ್ರೆ. ಅದೊಂದು ಆಗ್ಲಿ.”

ಮದುವೆ ಆಯಿತು. ಆಮೇಲೆ ಬಾಣಂತನ. ಆಮೇಲೆ, ಈ ಬೆಳೆ ಇಳೀಲಿ. ನನ್ನ ಲೇಖನ ಬಂದಿದ್ದ ಪೇಪರನ್ನು ಒಯ್ದು ಕೊಟ್ಟಿದ್ದೆ. ಅವಳಿಗೆ ಓದಲು ಬಾರದು, ಫೋಟೊ ನೋಡಲಿ ಎಂದು. ಮುಂದಿನ ಸಲ ಹೋದಾಗ ಅದು ಹುಳುವಿನ ಕೆಳಗೆ ಹಾಸಿತ್ತು. “ನಿನ್ ಮೇಲೆ ಚೆನ್ನಾಗಿ ತಿಂದ್ವು ಕಣೇ,” ಅಂದಳು. ಅಷ್ಟು ಪ್ರೀತಿಯ ವಿಮರ್ಶೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಅವಳು ಸತ್ತದ್ದೂ ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದಾಗಲೇ. ಯಾರು ಫೋನು ಮಾಡಿದರೆಂದು ಇವತ್ತಿಗೂ ಗೊತ್ತಿಲ್ಲ. ಹೆಣ್ಣುದನಿ, ವಿಷಯ ಹೇಳಿ ಇಟ್ಟುಬಿಟ್ಟಿತು. ನಾನು ಹೋದಾಗ ಅಂಗಳದಲ್ಲಿ ಶಾಮಿಯಾನ ಕಟ್ಟಿದ್ದರು. ಪಕ್ಕದ ಮನೆಯಾಕೆ “ಮೇಡಂ ಬಂದವ್ರೆ, ಕುರ್ಚಿ ಕೊಡ್ರೋ” ಎಂದು ಕೂಗಿದಳು. ಕೂತೆ. ಒಳಗೆ ಅಕ್ಕ ನೆಲಕ್ಕೆ ಬಿದ್ದು ಅಳುತ್ತಿದ್ದಳು. ಬಂಧುಗಳು ಒಬ್ಬೊಬ್ಬರಾಗಿ ಅಮ್ಮನ ಬಾಯಿಗೆ ಅಕ್ಕಿಕಾಳು ಹಾಕುತ್ತಿದ್ದರು. ಮೊದಲು ಮಗ, ಆಮೇಲೆ ಮಗಳು, ಸೊಸೆ, ಮೊಮ್ಮಕ್ಕಳು. ಹೊರಗಿನವರು ಹಾಕುವುದಿಲ್ಲ. ಕರೆಯುತ್ತಾರೆಂದು ಕಾದೆ.

ಅಣ್ಣ ಹೊರಗೆ ಬಂದ. ಗೌರಿಬಿದನೂರಿನಲ್ಲಿ ಮೇಷ್ಟ್ರು. ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು ನಾವು. ನೇರವಾಗಿ ನನ್ನ ಹತ್ತಿರ ಬಂದು, ನನ್ನ ಭುಜದಾಚೆ ಎಲ್ಲೋ ನೋಡುತ್ತಾ ಹೇಳಿದ:

“ಮೇಡಂ, ಬೆಳಿಗ್ಗೆಯಿಂದ ಹುಳಕ್ಕೆ ಸೊಪ್ಪು ಬಿದ್ದಿಲ್ಲ. ನಮಗೆಲ್ಲ ಸೂತಕ, ಮುಟ್ಟೋ ಹಂಗಿಲ್ಲ. ಅಕ್ಕಪಕ್ಕದೋರ ಮನೇಲೆಲ್ಲ ಹುಳ ಐತೆ, ಅವ್ರು ಬರಂಗಿಲ್ಲ. ನಿಮಗೇನೂ ಇಲ್ವಲ್ಲ. ಸಂಜೆಯಿಂದ ಕೂಲಿಯೋರು ನೋಡ್ಕೋತಾರೆ, ಈಗ ಒಂದ್ಸಲ ಹಾಕ್ತೀರಾ?”

ಚಿಂತಾಮಣಿಯಲ್ಲಿ, ಚಿಕ್ಕಬಳ್ಳಾಪುರದಲ್ಲಿ ಮೈಕು ಹಿಡಿದು ನಾನು ಯಾರು ಎಂದು ಕೂಗಿ ಹೇಳಿದ ಬಾಯಿ ಇದು. ನನಗೂ ಸೂತಕ ಅನ್ನಬೇಕಿತ್ತು. ಎರಡೇ ಮಾತು. ಎಲ್ಲರೂ ನೋಡುತ್ತಿದ್ದರು, ಪಕ್ಕದ ಮನೆಯಾಕೆ ಮಾತ್ರ ನೆಲ ನೋಡುತ್ತಿದ್ದಳು. ಅವಳಿಗೆ ಮೊದಲಿನಿಂದ ಗೊತ್ತಿತ್ತೇ? ಇಡೀ ಊರಿಗೇ ಗೊತ್ತಿತ್ತೇ?

ಎದ್ದು, ಕಾಲು ತೊಳೆದು ಹುಳುಮನೆಗೆ ಹೋದೆ. ಹಸಿದ ಹುಳುಗಳು ತಲೆಯೆತ್ತಿ ಆಡಿಸುತ್ತಿದ್ದವು. ಕಡ್ಡಿ ಸಮೇತ ಸೊಪ್ಪು ಹರಡಿದೆ, ಒಂದು ಸ್ಟ್ಯಾಂಡು, ಇನ್ನೊಂದು. ತಮಟೆ ಸದ್ದು ಶುರುವಾಯಿತು, ದೂರವಾಯಿತು. ಅಮ್ಮನನ್ನು ಎತ್ತಿದ್ದನ್ನು ನಾನು ನೋಡಲಿಲ್ಲ. ಆಗ ಅತ್ತೆನೋ ಇಲ್ಲವೋ ನೆನಪಿಲ್ಲ. ಅತ್ತೆ ಎಂದು ಬರೆದರೆ ವಾಕ್ಯ ಚೆನ್ನಾಗಿ ಮುಗಿಯುತ್ತದೆ, ಅದಕ್ಕೇ ಬರೆಯುವುದಿಲ್ಲ.

ಸೂತಕದವರು ಮುಟ್ಟಿದ ಹುಳು ಗೂಡು ಕಟ್ಟುವುದಿಲ್ಲ ಎಂದು ಅಮ್ಮ ನಂಬಿದ್ದಳು. ಮಡಿ ಮೈಲಿಗೆಯನ್ನು ವೇದಿಕೆಯ ಮೇಲೆ ಎಷ್ಟು ಸಲ ಬೈದಿದ್ದೇನೋ. ಆದರೂ ಆ ವಾರವಿಡೀ ನಾನು ಕಾದದ್ದು ಒಂದೇ ಸುದ್ದಿಗೆ. ಬೆಳೆ ಹೋಗಲಿ. ಒಂದೊಂದು ಹುಳುವೂ ಕಪ್ಪಾಗಿ ಕೊಳೆತು ಹೋಗಲಿ. ಅವಳು ಕೊನೆಯದಾಗಿ ಸಾಕಿದ ಹುಳು ಎಂದು ಗೊತ್ತಿದ್ದೂ ಹಾಗೆ ಬೇಡಿಕೊಂಡೆ. ಊರಿನವರು ಕೂಡಿ ಕೇಳಬೇಕು: ಯಾರು ಮುಟ್ಟಿದ್ದು?

ಎರಡನೇ ವಾರ ಅಣ್ಣನ ಫೋನು ಬಂತು.

“ಗೂಡು ಗಟ್ಟಿಯಾಗಿ ಬಂತು ಮೇಡಂ. ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹಾಕಿ ಈಗ ಬಂದೆ. ಒಂದು ಹುಳಾನೂ ಹೋಗ್ಲಿಲ್ಲ ನೋಡಿ. ನಿಮ್ಮ ಕೈಗುಣ.”

“ಸಂತೋಷ ಸಾರ್,” ಅಂದೆ.